ಸುರಪುರ ಸೀಮೆಯ ಸ್ತ್ರೀಯರೂ ರಜಾಕಾರರ ಕಾಲವೂ

ಸುರಪುರಕ್ಕೆ ಹೊಂದಿಕೊಂಡಂತೆಯೇ ರಂಗಂಪೇಟೆ ಎಂಬ ಪೇಟೆ ಇದೆ. ಎರಡನ್ನೂ ಒಂದೇ ಊರೆಂದು ಎಣಿಸುವವರೂ ಉಂಟು. ಈಗ ಅದು ಯಾದಗಿರಿ ಜಿಲ್ಲೆಗೆ ಸೇರಿದೆ. 1948ರಲ್ಲಿ ನಿಜಾಮರ ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದಿತು. ಈ ಸೀಮೆಯ ಜನ ತಮ್ಮನ್ನಾಳುವ ಬಲದ ಎದುರು ನಿಂತ ಸಂದರ್ಭಗಳೆಂದು ಚರಿತ್ರೆ ಬಲ್ಲವರು ಮುಖ್ಯವಾಗಿ ಎರಡನ್ನು ಹೇಳುವರು. 1857-58ರಲ್ಲಿ ಬೇಡರ ದೊರೆ ರಾಜಾ ವೆಂಕಟಪ್ಪನಾಯಕನು ಕಂಪೆನಿ ಸರಕಾರದ ಮೇಲೆ ಎದ್ದುದು ಒಂದು. 1947-48ರಲ್ಲಿ ನಿಜಾಮರ ಆಳ್ವಿಕೆಯನ್ನೂ ಅದಕ್ಕೆ ಬೆಂಗಾವಲಾಗಿದ್ದ ರಜಾಕಾರರನ್ನೂ ಜನ ಎದುರಿಸಿದುದು ಮತ್ತೊಂದು. ಮೊದಲನೆಯದು ಮುಗಿದ ಬಗೆಯಲ್ಲಿಯೇ ಎರಡನೆಯದರ ಬೀಜ ಬಿದ್ದಿತೆನ್ನಬಹುದು. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಸೈನ್ಯ ಸುರಪುರದ ಮೇಲೆ ಬಂದಿತು. ಹೈದರಾಬಾದಿಗೆ ಹೋದ ದೊರೆ ಅಲ್ಲಿ ಸೆರೆಯಾಗಿ, ಆ ವರ್ಷದ ಮೇ ತಿಂಗಳಲ್ಲಿ ಕಾವಲಿನಲ್ಲಿರುವಾಗಲೇ ಗುಂಡು ತಗುಲಿ ತೀರಿಕೊಂಡನು. 1860ರಲ್ಲಿ ಸಂಸ್ಥಾನವನ್ನು ನಿಜಾಮರಿಗೆ ಒಪ್ಪಿಸಿದರು. ಅಲ್ಲಿಂದ ಎಂಬತ್ತೆಂಟು ವರ್ಷ ಈ ನಾಡು ಹೈದರಾಬಾದಿನ ಕೈಯಲ್ಲಿದ್ದಿತು.

ಈ ಎರಡು ಪ್ರಸಂಗಗಳ ಕಥೆಯನ್ನೂ ನಾವು ಕೇಳಿರುವುದು ಗಂಡಸರ ಕಥೆಯಾಗಿ. ಸುರಪುರದ ಚರಿತ್ರೆಯಲ್ಲಿ ಹೆಸರಿನಿಂದ ಗುರುತು ಹಿಡಿಯಬಹುದಾದ ಸ್ತ್ರೀ ಯಾರೆಂದು ಕೇಳಿದರೆ ಮೊದಲು ನೆನಪಿಗೆ ಬರುವವಳು ವೆಂಕಟಪ್ಪನಾಯಕನ ತಾಯಿ ರಾಣಿ ಈಶ್ವರಮ್ಮ. ಗಂಡ ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗನಿನ್ನೂ ಬಾಲಕ. ಆಡಳಿತವನ್ನು ತಾನೇ ನಡೆಯಿಸಬೇಕೆಂದು ಅವಳು ನಿಂತಳು. ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರನು ದೊರೆಯ ತಮ್ಮನಾದ ಪಿಡ್ಡನಾಯಕನ ಪಕ್ಷ ಹಿಡಿದನು. ಅವಳನ್ನು ಕುರಿತು ನಾವು ಬಲ್ಲ ಸಂಗತಿಗಳ ಬಹು ಪಾಲು ಅದೇ ಟೇಲರನ ಆತ್ಮಚರಿತ್ರೆಯಿಂದ ಬಂದುದು. ಅದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಅವನ ಮಗಳ ಸಂಪಾದಕತ್ವದಲ್ಲಿ ಅಚ್ಚಾಯಿತು. ಟೇಲರನು ಸುರಪುರಕ್ಕೆ ಹಿತವನ್ನೇ ಬಗೆದವನು, ಒಳ್ಳೆಯ ಬರೆಹಗಾರ, ಅದರಲ್ಲಿ ಸಂದೇಹವಿಲ್ಲ. ಆದರೆ ರಾಣಿಯ ವಿಷಯದಲ್ಲಿ ಅವನು ಪ್ರತಿಕಕ್ಷಿ. ಅವಳ ನಡತೆ ಕೆಟ್ಟದ್ದೆಂದು ಅವನ ತೀರ್ಪು. ಆ ತೀರ್ಪಿಗೆ ಅವಳ ಕಡೆಯ ಉತ್ತರವಾವುದೂ ಆ ಪುಸ್ತಕದ ಪಕ್ಕದಲ್ಲಿ ನಿಂತಿಲ್ಲ. ಎದುರಾಳಿಯ ಲೇಖನಿಯಿಂದ ಚರಿತ್ರೆಗೆ ಬಂದವರ ಪಾಡು ಇದು. ಇನ್ನು ಯಾರ ಲೇಖನಿಗೂ ಸಿಕ್ಕದೆ ಹೋದವರ ಪಾಡು ಏನು? ನಾನೀಗ ಹೇಳಬೇಕೆಂದಿರುವುದು ಅವರನ್ನು ಕುರಿತು.

ಆ ಕಾಲ ಎಂಥದೆಂಬುದನ್ನು ಸ್ವಲ್ಪದರಲ್ಲಿ ಜ್ಞಾಪಿಸಿಕೊಳ್ಳೋಣ. ಇಂಗ್ಲಿಷರು ಹೊರಟೊಡನೆ ತಾವು ಸ್ವತಂತ್ರರಾಗುವೆವೆಂದು ನಿಜಾಮ್ ಮೀರ್ ಉಸ್ಮಾನ್ ಅಲಿಖಾನರು 1947ರ ಜೂನಿನಲ್ಲಿ ಫರ್ಮಾನು ಹೊರಡಿಸಿದರು. ಆಗಸ್ಟ್ 7ರಂದು ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಭಾರತ ಒಕ್ಕೂಟವನ್ನು ಸೇರಬೇಕೆಂದು ಸತ್ಯಾಗ್ರಹ ಹೂಡಿತು. ಅದರ ಅಧ್ಯಕ್ಷರಾದ ಸ್ವಾಮಿ ರಾಮಾನಂದತೀರ್ಥರು ಸೆರೆಮನೆಗೆ ಹೋದರು. ನವೆಂಬರ್ 29ರಂದು ದೆಹಲಿಗೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದವಾಯಿತೇನೋ ನಿಜ, ಶಾಂತಿ ಮಾತ್ರ ಬರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ಮುಂದಾಳುತನದಲ್ಲಿ ರಜಾಕಾರರೆಂಬ ಸ್ವಯಂಸೇವಕ ದಂಡು ಹಳ್ಳಿಹಳ್ಳಿಗೂ ನುಗ್ಗಿತು. ಸಿಡ್ನಿ ಕಾಟನ್ ಎಂಬ ವಿಮಾನಿಕನು ರಾತ್ರಿಯ ಹೊತ್ತು ಆಯುಧಗಳನ್ನು ತಂದು ಇಳಿಸುತ್ತಿದ್ದನು. ಗಡಿಯಾಚೆಯಿಂದ ಬರುವ ಸರಕು ನಿಂತು ಅಗತ್ಯ ವಸ್ತುಗಳಿಗೆ ಅಭಾವ ತಲೆದೋರಿತು. ದೊರೆಯ ಇಚ್ಛೆಯೇ ಶಾಸನ, ದಂಡಿನ ಲಾಠಿಯೇ ನ್ಯಾಯ, ಸುತ್ತಲೂ ಯುದ್ಧದ ಸಿದ್ಧತೆ: ಇಂಥ ರಾಜ್ಯವನ್ನು ಸರ್ವಾಧಿಕಾರವೆನ್ನದೆ ಬೇರೆ ಏನೆನ್ನಬೇಕು? ಇದು ಹಿಂದೂ ಮುಸಲ್ಮಾನರ ಜಗಳವಷ್ಟೇ ಎಂದು ಭಾವಿಸುವವರು ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾಖಾನರನ್ನು ನೆನೆಯಬೇಕು. ಒಕ್ಕೂಟವನ್ನು ಸೇರುವುದೇ ಮೇಲೆಂದು ಬರೆದುದಕ್ಕಾಗಿ ಆ ಮುಸಲ್ಮಾನ ತರುಣನನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

ಒಳಗೆ ನಿಲ್ಲಲಾರದವರು ಗಡಿ ದಾಟಿ ಆಚೆಯ ಮುಂಬಯಿ ಪ್ರಾಂತದಲ್ಲಿ ಶಿಬಿರಗಳನ್ನು ಕಟ್ಟಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ಸರದಾರ್ ಶರಣಗೌಡ ಇನಾಮದಾರರ ಹೆಸರೂ, ಯಾದಗಿರಿಯ ಕೋಲೂರು ಮಲ್ಲಪ್ಪನವರ ಹೆಸರೂ ಆ ಸೀಮೆಯಲ್ಲಿ ಮನೆಮಾತು. ಸುರಪುರದ ಪಶ್ಚಿಮಕ್ಕೆ ಹೋದರೆ ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿಗಳ ನೆಲ. ಆಗ ಅದು ಬೇರೆ ಸರಕಾರದ ನೆಲ. ನಡುವೆ ಕೋಟೆಯಿಲ್ಲ, ಕಂದಕವಿಲ್ಲ. ಒಂದೇ ಎರೆಹೊಲ, ಒಂದೇ ಮಾತು, ಬೀಗತನಗಳೂ ಆಚೆಗೂ ಈಚೆಗೂ ಹೆಣೆದುಕೊಂಡಿದ್ದುವು. ಸೊಸೆಯ ತವರು ಒಂದು ರಾಜ್ಯದಲ್ಲಿ, ಗಂಡನ ಮನೆ ಇನ್ನೊಂದರಲ್ಲಿ. ಆ ಹದಿಮೂರು ತಿಂಗಳಲ್ಲಿ ಈ ಬೀಗತನಗಳಿಗೆ ಎಷ್ಟು ಬೆಲೆಯಿದ್ದಿತೆಂಬುದನ್ನು ಗಡಿಯ ನಕ್ಷೆ ತೋರಿಸಲಾರದು.

ಮೇಲೆ ಹೇಳಿದ ಹೆಸರುಗಳು ನಾಲಗೆಗೆ ತಾವಾಗಿ ಬರುವುವು. ಅಷ್ಟೇ ಸಲೀಸಾಗಿ ನಮ್ಮ ಸೀಮೆಯ ಒಬ್ಬ ಹೆಂಗಸಿನ ಹೆಸರು ಬರುವುದಿಲ್ಲ. ಹೆಂಗಸರು ಏನನ್ನೂ ಮಾಡಲಿಲ್ಲವೆಂದೆ? ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನೂರು ಜನರ ಶಿಬಿರವೊಂದಿದೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬನಿಗೆ ಹೊತ್ತಿಗೆ ಎರಡು ರೊಟ್ಟಿ. ಆಳು ಮಕ್ಕಳಿಗೆ ಇದು ಸಾಲದೆಂದು ಆ ಕಡೆಯವರು ನಕ್ಕಾರು, ಆದರೂ ಎರಡೇ ಇರಲಿ. ದಿನಕ್ಕೆ ನಾನೂರು ರೊಟ್ಟಿ. ಅದಕ್ಕೆ ಹತ್ತಿರ ಹತ್ತಿರ ಅರ್ಧ ಚೀಲ ಜೋಳ ಬೇಕು. ಬೀಸುವ ಕಲ್ಲಿನಲ್ಲಿ ಅಷ್ಟನ್ನು ಬೀಸಿ ಹಿಟ್ಟು ಮಾಡಬೇಕಾದರೆ ನಾಲ್ಕಾರು ಹೆಂಗಸರು ಕೋಳಿ ಕೂಗುವ ಮೊದಲೇ ಏಳಬೇಕು. ಆಮೇಲೆ ನೀರು, ಕುಳ್ಳು, ಕಟ್ಟಿಗೆ, ಒಲೆಯ ಮುಂದಿನ ಕಾವು. ಇದು ಒಂದು ದಿನದ್ದು. ಚಳವಳಿ ನಡೆದುದು ಹದಿಮೂರು ತಿಂಗಳು. ಬಂದೂಕು ಎಷ್ಟಿದ್ದುವು, ಗುಂಡು ಎಷ್ಟಿದ್ದುವು ಎಂಬುದನ್ನು ಎಣಿಸಿದವರು ಉಂಟು. ಬಂದೂಕು ಹೊತ್ತವನು ಯಾರು ಬಡಿದ ರೊಟ್ಟಿಯನ್ನು ತಿಂದು ನಡೆದನೆಂದು ಎಣಿಸಿದವರು ವಿರಳ.

ಗಡಿಯಾಚೆಯ ಶಿಬಿರದಲ್ಲಿ ಒಲೆ ಹೊತ್ತಿಸಲು ಹೆದರಿಕೆಯಿರಲಿಲ್ಲ. ಗಡಿಯ ಈಚೆಗೆ, ನಿಜಾಮರ ಸೀಮೆಯೊಳಗಿನ ಹಳ್ಳಿಯಲ್ಲಿ, ಮಾತು ಬೇರೆ. ಹತ್ತು ಜನ ರಾತ್ರಿ ಬಂದರೆ ಅವರಿಗೆ ಆಗಲೇ ಊಟ ಕಾಣಿಸಬೇಕು. ಜೋಳದ ರೊಟ್ಟಿಯನ್ನು ಕೈಯಲ್ಲಿ ಬಡಿದೇ ಮಾಡತಕ್ಕದ್ದು. ಆ ಸದ್ದು ನಾಲ್ಕು ಮನೆಗೆ ಕೇಳಿಸುವುದು. ಸರಿರಾತ್ರಿಯಲ್ಲಿ ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದಿತೆಂದರೆ ನೆರೆಯವರಿಗೆ ಎಲ್ಲವೂ ತಿಳಿದಂತೆಯೇ. ಹಗಲಲ್ಲಿಯೇ ಒಂದಿಷ್ಟು ಹೆಚ್ಚಿಗೆ ಮಾಡಿ ಕಟಕು ರೊಟ್ಟಿಯಾಗಿ ಒಣಗಿಸಿ, ಶೇಂಗಾದ ಹಿಂಡಿಯನ್ನೊ ಅಗಸಿಯ ಹಿಂಡಿಯನ್ನೊ ಬಟ್ಟೆಯ ಗಂಟಿನಲ್ಲಿಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಇದು ಆ ನಾಡಿನ ಹೆಂಗಸರು ಬರಗಾಲಕ್ಕೂ ಜಾತ್ರೆಯ ದಾರಿಗೂ ಕಲಿತಿದ್ದ ವಿದ್ಯೆ. ತಲೆಮರೆಸಿಕೊಂಡವರಿಗೆ ಇದಕ್ಕಿಂತ ಒದಗುವ ಬುತ್ತಿ ಇನ್ನಾವುದು? ಹೀಗೆ ಮಾಡಿದರೂ ಮನೆಯ ಐದು ಜನರಿಗೆ ಇಷ್ಟು ಜೋಳ ಏಕೆ ಬೇಕಾಯಿತೆಂದು ಕೇಳಬಲ್ಲವರು ಊರಿನಲ್ಲಿ ಇರುವರು. ಎಂದ ಮೇಲೆ ಗುಟ್ಟು ಒಬ್ಬಳದಾಗಿ ಉಳಿಯುವುದು ಸಾಧ್ಯವಿಲ್ಲ. ಓರಗಿತ್ತಿ, ನೆರೆಯವಳು, ನೀರಿಗೆ ಜೊತೆ ಬರುವವಳು ಎಲ್ಲರೂ ಬಲ್ಲರು, ಎಲ್ಲರೂ ಬಾಯಿ ಕಟ್ಟಿಕೊಂಡಿರಬೇಕು. ಒಂದು ಬಾಯಿ ಬಿಟ್ಟರೆ ಮನೆಗೆ ಬೆಂಕಿ. ಹೆಂಗಸರ ಹೊಟ್ಟೆಯಲ್ಲಿ ಮಾತು ನಿಲ್ಲದೆಂದು ಗಂಡಸರು ಹಾಸ್ಯ ಮಾಡುವುದುಂಟಷ್ಟೆ; ಆ ಹದಿಮೂರು ತಿಂಗಳ ಮಟ್ಟಿಗಾದರೂ ಆ ಹಾಸ್ಯವನ್ನು ಹಿಂತೆಗೆದುಕೊಳ್ಳಬೇಕು.

ಗಂಡಸರು ಊರು ಬಿಟ್ಟ ಮೇಲೆ ಮನೆಗೆ ಬಂದ ವಿಚಾರಣೆಗೆ ಎದುರು ನಿಂತವಳೂ ಅವಳೇ. ವಿಚಾರಿಸುವವರ ದಫ್ತರದ ಭಾಷೆ ಉರ್ದು. ಅವಳ ಭಾಷೆ ಕನ್ನಡ, ಅಕ್ಷರ ಬಹುಮಂದಿಗೆ ಬಾರದು. ತನಗೇನೂ ತಿಳಿಯದೆಂಬ ಆ ಒಂದು ಉತ್ತರದ ಹಿಂದೆ ಅಜ್ಞಾನವೂ ಇದ್ದಿತು, ಜಾಣತನವೂ ಇದ್ದಿತು. ಎರಡನ್ನೂ ಬೇರ್ಪಡಿಸುವುದು ಕೇಳುವವನಿಗೆ ಸುಲಭವಲ್ಲ. ಹೊಲ ಬಿತ್ತಬೇಕು, ದನ ಕಟ್ಟಬೇಕು, ಮುದುಕರನ್ನು ನೋಡಿಕೊಳ್ಳಬೇಕು, ಸಾಲಗಾರನಿಗೆ ಸಮಾಧಾನ ಹೇಳಬೇಕು. ಮಹಾಯುದ್ಧದ ಕಾಲದಿಂದಲೂ ಸರಕಾರ ಧಾನ್ಯವನ್ನು ಲೆವಿಯಾಗಿ ಎತ್ತುತ್ತಿದ್ದಿತು. ಉಳಿದುದರಲ್ಲಿ ಮಕ್ಕಳಿಗೆಷ್ಟು, ಬಿತ್ತನೆಗೆಷ್ಟು, ಗುಟ್ಟಾಗಿ ಬರುವವರಿಗೆಷ್ಟು ಎಂಬ ಪಾಲು ಹಾಕುವ ಕೆಲಸ ಅಡಿಗೆಮನೆಯದು. ಇನ್ನೂ ಕೆಟ್ಟ ದಿನ ಬಂದರೆ ಮಕ್ಕಳನ್ನು ಎತ್ತಿಕೊಂಡು ರಾತ್ರೋರಾತ್ರಿ ಗಡಿ ದಾಟಿ ಗುಳೆ ಹೋಗಬೇಕು. ಇದರ ಮೇಲೆ ಹೆಂಗಸಿಗೆ ಗಂಡಸಿಗಿಲ್ಲದ ಒಂದು ಭಯ ಬೇರೆ. ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆದ ಕೊಲೆಗಳ ಸುದ್ದಿ ಹಬ್ಬಿದ ಮೇಲೆ ಗುಲ್ಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ತಾಯಂದಿರು ಹೇಗೆ ನಿದ್ದೆ ಮಾಡಿದರೊ!

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅಡಿಗೆ ಮಾಡುವುದು, ಮಕ್ಕಳನ್ನು ಕಾಯುವುದು ಹೆಂಗಸರ ನಿತ್ಯದ ಕೆಲಸ. ಅದನ್ನು ಪ್ರತಿಭಟನೆಯೆಂದು ಕರೆದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲವಲ್ಲ ಎಂದು. ಈ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಕಷ್ಟಪಟ್ಟವರೆಲ್ಲರೂ ಹೋರಾಡಿದವರೆಂದು ಹೇಳುವುದು ಸರಿಯಾಗದು. ಆದರೆ ತಲೆಮರೆಸಿಕೊಂಡವನಿಗೆ ಅನ್ನ ನೀಡಿದರೆ, ಆಶ್ರಯ ಕೊಟ್ಟರೆ ಅದು ಅಪರಾಧವೆಂದು ಆಳುವವರು ಗೊತ್ತುಮಾಡಿದಾಗ, ನೀಡುವ ಕೈ ಎರಡು ದಾರಿಗಳ ನಡುವೆ ಒಂದನ್ನು ಆರಿಸಿಕೊಂಡಿರುತ್ತದೆ. ಬಾಗಿಲು ತೆರೆಯದೆ ಇರುವ ಹಕ್ಕು ಅವಳಿಗಿದ್ದಿತು, ತೆರೆದಳು. ನಿತ್ಯದ ಕೆಲಸ ಆ ಘಳಿಗೆಯಲ್ಲಿ ನಿತ್ಯದ ಕೆಲಸವಾಗಿ ಉಳಿಯಲಿಲ್ಲ. ಬಂದೂಕು ಹಿಡಿದವನಿಗೆ ಓಡಿಹೋಗಲು ಗಡಿಯಿದ್ದಿತು. ಮನೆಯಲ್ಲಿ ಒಲೆಯ ಮುಂದೆ ಕುಳಿತವಳಿಗೆ ಓಟವಿರಲಿಲ್ಲವೆಂಬುದನ್ನೂ ಮರೆಯಬಾರದು.

ಹಾಗಾದರೆ ಅವಳ ಹೆಸರು ಏಕೆ ಉಳಿಯಲಿಲ್ಲ? ಇದಕ್ಕೆ ಉತ್ತರ ಹುಡುಕಲು ಬೇರೆ ಕಡೆ ಉಳಿದಿರುವ ಹೆಸರುಗಳು ಹೇಗೆ ಉಳಿದುವೆಂದು ನೋಡುವುದು ಉಪಯುಕ್ತ. ಮೈಸೂರು ಸೀಮೆಯ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ತೆಗೆದುಕೊಳ್ಳಿ. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ತಾವೇ ಸರಕಾರವೆಂದು ಸಾರಿದರು. ಗಲಭೆಯಲ್ಲಿ ಅಮಲ್ದಾರರೂ ಪೋಲೀಸು ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಆ ಮೊಕದ್ದಮೆಯಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ಧಮ್ಮ ಎಂಬ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆಯಾಯಿತು. ಇವರ ಹೆಸರು ನಮಗೆ ಗೊತ್ತು. ಗೊತ್ತಿರುವುದಕ್ಕೆ ಕಾರಣ ನ್ಯಾಯಾಲಯ ಬರೆದಿಟ್ಟುದು. ಅದೇ 1942ರ ಆಗಸ್ಟಿನಿಂದ ನವೆಂಬರಿನವರೆಗೆ ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಯಿಸಿದ ಉಷಾ ಮೆಹತಾ ಎಂಬ ಇಪ್ಪತ್ತೆರಡರ ತರುಣಿಯೂ ಹಾಗೆಯೇ. ರೇಡಿಯೋ ಕೇಳುವವರಾದ ನಾವು ಅವಳನ್ನು ವಿಶೇಷವಾಗಿ ನೆನೆಯತಕ್ಕದ್ದು. ಅವಳಿಗೂ ಸೆರೆಯಾಯಿತು, ವಿಚಾರಣೆಯಾಯಿತು, ನಾಲ್ಕು ವರ್ಷದ ಶಿಕ್ಷೆಯಾಯಿತು. ಸಿಕ್ಕಿಬಿದ್ದವರಿಗೆ ದಾಖಲೆಯುಂಟು, ಸಿಕ್ಕದಂತೆ ಕೆಲಸ ಮಾಡಿದವರಿಗೆ ಇಲ್ಲ. ಗಡಿ ಸೀಮೆಯ ಹೆಂಗಸಿನ ಜಾಣತನವೆಲ್ಲವೂ ಸಿಕ್ಕದಿರುವುದರಲ್ಲಿಯೇ ಇದ್ದಿತಾದ್ದರಿಂದ ಅವಳ ಗೆಲವೇ ಅವಳ ಹೆಸರಿಗೆ ಮುಳುವಾಯಿತು.

ಅದೇ ಹೈದರಾಬಾದು ಸಂಸ್ಥಾನದ ತೆಲಂಗಾಣದಲ್ಲಿ ಸಂಗತಿ ಸ್ವಲ್ಪ ಬೇರೆಯಾಯಿತು. ಅಲ್ಲಿಯ ಹೋರಾಟ ಕಮ್ಯೂನಿಸ್ಟರ ಮುಂದಾಳುತನದ್ದು. ದೇಶಮುಖರ ಭೂಮಿಯ ದರ್ಪದ ಮೇಲೆ ಹೊರಟು ನಿಜಾಮರ ವಿರುದ್ಧ ತಿರುಗಿದುದು. ಪಾಲಕುರ್ತಿಯ ಅಗಸರ ಐಲಮ್ಮ ತಾನು ಗೇಣಿಗೆ ಹಿಡಿದ ಹೊಲದ ಬೆಳೆಯನ್ನು ವಿಸ್ನೂರು ದೇಶಮುಖನಿಗೆ ಬಿಟ್ಟುಕೊಡೆನೆಂದು ನಿಂತಳು. ಇನ್ನೂ ಇಪ್ಪತ್ತು ತುಂಬದ ಮಲ್ಲು ಸ್ವರಾಜ್ಯಂ ಬಂದೂಕು ಹಿಡಿದು ದಳ ನಡೆಯಿಸಿದಳು. ಅವಳ ತಲೆಗೆ ಹತ್ತು ಸಾವಿರ ರೂಪಾಯಿ ಬಹುಮಾನ ಕಟ್ಟಿದ್ದರು. ಆಕೆ ತೀರಿಕೊಂಡುದು 2022ರಲ್ಲಿ. ಹೀಗೆ ಒಬ್ಬಿಬ್ಬರ ಹೆಸರು ಮೆರೆದರೂ ಉಳಿದ ನೂರಾರು ಹೆಂಗಸರ ಮಾತು ಹೊರಬರಲು ನಾಲ್ಕು ದಶಕ ಕಾಯಬೇಕಾಯಿತು. ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರು ಹಳ್ಳಿ ಪಟ್ಟಣಗಳಲ್ಲಿ ಆ ಹೆಂಗಸರನ್ನು ಹುಡುಕಿ, ಅವರ ಬಾಯಿಂದ ಕೇಳಿ, ಬರೆದು, 1986ರಲ್ಲಿ ತೆಲುಗಿನಲ್ಲಿಯೂ 1989ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟಿಸಿದರು. ಆ ಪುಸ್ತಕದಲ್ಲಿ ಎದ್ದು ಕಾಣುವುದು ಶೌರ್ಯಕ್ಕಿಂತ ಹೆಚ್ಚಾಗಿ ಒಂದು ಬೇಸರ: ಹೋರಾಟ ಮುಗಿದೊಡನೆ ತಮ್ಮನ್ನು ಮನೆಗೆ ಹೋಗಿ ಸಂಸಾರ ನೋಡಿಕೊಳ್ಳಿರೆಂದು ಕಳುಹಿಸಿದರಲ್ಲ ಎಂಬುದು.

ಇದು ನಮ್ಮ ದೇಶದ ದೋಷ ಮಾತ್ರವೆಂದು ತಿಳಿಯಬೇಕಾದುದಿಲ್ಲ. ಹಿಟ್ಲರನ ಸೈನ್ಯ ಫ್ರಾನ್ಸನ್ನು ಆಕ್ರಮಿಸಿದ್ದಾಗ ಅಲ್ಲಿಯ ಸ್ತ್ರೀಯರು ಪತ್ರ ಸಾಗಿಸಿದರು, ವಿಮಾನದಿಂದ ಬಿದ್ದ ಸೈನಿಕರನ್ನು ಅಡಗಿಸಿದರು, ಸೆರೆಶಿಬಿರಗಳಿಗೆ ಹೋದರು. ವಿಮೋಚನೆಗಾಗಿ ದುಡಿದವರಿಗೆಂದು ಡಿ ಗಾಲ್ ಸ್ಥಾಪಿಸಿದ ಶ್ರೇಷ್ಠ ಪದವಿಯನ್ನು 1,038 ಜನರಿಗೆ ಕೊಟ್ಟರು. ಅವರಲ್ಲಿ ಸ್ತ್ರೀಯರು ಆರು ಜನ! ಓದುಬರೆಹ ಬಲ್ಲ, ದಫ್ತರಗಳು ಸರಿಯಾಗಿದ್ದ ದೇಶದಲ್ಲಿಯೇ ಹೀಗಾದರೆ ಹುಣಸಗಿ, ಕೆಂಭಾವಿ ಕಡೆಯ ಹಳ್ಳಿಗಳ ಮಾತೇನು?

1948ರ ಸೆಪ್ಟೆಂಬರ್ 13ರಂದು ಭಾರತ ಸೈನ್ಯ ಒಳಬಂದಿತು. 17ರಂದು ನಿಜಾಮರು ಕೈಚೆಲ್ಲಿದರು. ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ನ್ಯಾಯವಾಗಿ ಹೇಳುವವನು ಮುಂದಿನ ವಾರಗಳನ್ನೂ ಹೇಳಬೇಕು. ರಜಾಕಾರರು ಮಾಡಿದುದಕ್ಕೆ ಅವರಿಗೆ ಸಂಬಂಧವೇ ಇಲ್ಲದ ಮುಸಲ್ಮಾನರು ಬೆಲೆ ತೆತ್ತರು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ನವೆಂಬರ್ ಡಿಸೆಂಬರುಗಳಲ್ಲಿ ಸುತ್ತಾಡಿ, ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ಕೆಟ್ಟುಹೋದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ, ಬೀದರಗಳೂ ಸೇರಿದ್ದುವು. ಹೆಂಗಸರ ಮೇಲಿನ ಅತ್ಯಾಚಾರಗಳನ್ನೂ ಅದು ಬರೆದಿದೆ. ಆ ವರದಿ ಸಾರ್ವಜನಿಕರ ಕಣ್ಣಿಗೆ ಬಿದ್ದುದು 2013ರಲ್ಲಿ. ಅದರಲ್ಲಿ ಇನ್ನೊಂದು ಮಾತೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಕಸುಬಿನವರೇ ಆದ ಮುಸಲ್ಮಾನ ನೇಕಾರರ ಪರವಾಗಿ ನಿಂತು, ಜೀವವನ್ನೂ ಲೆಕ್ಕಿಸದೆ ಅವರನ್ನು ಉಳಿಸಿದರೆಂದು ಸಮಿತಿ ಮೆಚ್ಚಿಕೊಂಡು ಹೇಳುತ್ತದೆ. ಸುರಪುರದ ಸುತ್ತಿನ ಊರುಗಳಲ್ಲಿಯೂ ನೇಯ್ಗೆ ಹಳೆಯ ಕಸುಬು. ಮಗ್ಗದ ಮನೆಯಲ್ಲಿ ನೂಲು ಸುತ್ತುವವಳು, ಹಾಸಿಗೆ ಗಂಜಿ ಕೊಡುವವಳು ಹೆಂಗಸು. ನೆರೆಯ ಮುಸಲ್ಮಾನ ಸಂಸಾರವನ್ನು ಒಂದು ಮನೆಯ ಒಳಕೋಣೆಯಲ್ಲಿ ಅಡಗಿಸಬೇಕಾದರೆ ಆ ಮನೆಯ ಯಜಮಾನಿ ಒಪ್ಪಬೇಕು. ತನ್ನ ಅಡಿಗೆಮನೆಯ ಮಡಿ ಮೈಲಿಗೆಗಳನ್ನು ಬದಿಗಿಟ್ಟು ಆ ಮಕ್ಕಳಿಗೆ ಉಣಬಡಿಸಬೇಕು. ರಜಾಕಾರರ ಕಾಲದಲ್ಲಿ ಕದ ತೆರೆದ ಕೈಗೂ ಸೆಪ್ಟೆಂಬರಿನ ತರುವಾಯ ಕದ ತೆರೆದ ಕೈಗೂ ನಾನು ಭೇದ ಎಣಿಸಲಾರೆ. ಎರಡನೆಯದೇ ಹೆಚ್ಚಿನದೆಂದು ಯಾರಾದರೂ ಅಂದರೆ ವಾದಿಸಲೂ ಹೋಗುವುದಿಲ್ಲ. ಏಕೆಂದರೆ ಆಗ ಊರಿನ ಗೆಲವೂ ಹುರುಪೂ ಇನ್ನೊಂದು ಕಡೆಗಿದ್ದುವು.

ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದಲ್ಲಿ, 1972ರಲ್ಲಿ, ಭಾರತ ಸರಕಾರ ಹೋರಾಟಗಾರರಿಗೆ ಪಿಂಚಣಿಯನ್ನು ಏರ್ಪಡಿಸಿತು. ಅದಕ್ಕೆ ಆರು ತಿಂಗಳ ಸೆರೆವಾಸದ ಸಾಕ್ಷ್ಯ ಬೇಕು. ಹೆಂಗಸರಿಗೂ ಪರಿಶಿಷ್ಟ ವರ್ಗದವರಿಗೂ ಮೂರೇ ತಿಂಗಳು ಸಾಕೆಂದು ರಿಯಾಯಿತಿ ತೋರಿಸಿದ್ದಾರೆ. ಭೂಗತರಾಗಿದ್ದವರೆಂದು ಹೇಳಿಕೊಳ್ಳಬೇಕಾದರೆ ಘೋಷಿತ ಅಪರಾಧಿಯೆಂದೊ, ಹಿಡಿದುಕೊಟ್ಟವರಿಗೆ ಬಹುಮಾನವೆಂದೊ, ಬಂಧನದ ಆಜ್ಞೆ ಹೊರಟಿದ್ದಿತೆಂದೊ ಕಾಗದವಿರಬೇಕು. ಹೈದರಾಬಾದಿನ ವಿಮೋಚನೆಯ ಹೋರಾಟವನ್ನು ಆಮೇಲೆ ಈ ಏರ್ಪಾಟಿನೊಳಕ್ಕೆ ತಂದರು. ಗಡಿ ಶಿಬಿರಗಳಲ್ಲಿ ಮೊದಲು 98ನ್ನೂ ತರುವಾಯ ಇನ್ನೂ 18ನ್ನೂ ಮಾನ್ಯಮಾಡಿದರು. ಶಿಬಿರದಲ್ಲಿದ್ದವನಿಗೆ ಶಿಬಿರದ ಮುಖಂಡನ ಪ್ರಮಾಣಪತ್ರ ದೊರೆಯಬಹುದು. ಶಿಬಿರಕ್ಕೆ ಬುತ್ತಿ ಕಟ್ಟಿದವಳಿಗೆ, ಆ ಬುತ್ತಿ ಉಂಡವನೇ ಬಂದು ಸಾಕ್ಷಿ ಹೇಳಿದರೂ ಪ್ರಮಾಣಪತ್ರ ಕೊಡುವ ಅಂಕಣ ಆ ನಿಯಮಗಳಲ್ಲಿಲ್ಲ. ಹೋರಾಟಗಾರನು ತೀರಿಕೊಂಡ ಮೇಲೆ ಪಿಂಚಣಿ ಅವನ ಹೆಂಡತಿಗೆ ಸಲ್ಲುವುದು. ಹೀಗೆ ಸುರಪುರ, ಶಹಾಪುರ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ, 1948ರಲ್ಲಿ ಒಲೆಯ ಮುಂದೆ ಕುಳಿತು ರಾತ್ರಿ ಕಳೆದವಳ ಹೆಸರು ಸರಕಾರದ ಕಾಗದಕ್ಕೆ ಮೊದಲ ಸಲ ಏರಿದುದು ಇಂಥವರ ವಿಧವೆ ಎಂಬ ಎರಡು ಮಾತಿನ ಜೊತೆಯಲ್ಲಿ.